ಮುಂದಿನ ತರಗತಿಗೆ ಶಿಫಾರಸು ಇಲ್ಲ

"ತೆಗೀಬೇಡಮ್ಮ, ಇರ್ಲಿ ಬಿಡು," ಎಂದು ಕನ್ನಡಕದಂಗಡಿಯ ಯಜಮಾನರು ಬಾಗಿಲಿನಿಂದಲೇ ಕೂಗಿದಾಗ ತಂಗಿಯ ಕೈ ಚಾಪೆಯ ಮೇಲೆ ಮಲಗಿಸಿದ್ದ ಅಕ್ಕನ ಕಿವಿಯ ಹತ್ತಿರ ನಿಂತುಬಿಟ್ಟಿತು. ಕನ್ನಡಕದ ಒಂದು ಕಡ್ಡಿ ಆಗಲೇ ಸಡಿಲವಾಗಿ ಕೆನ್ನೆಯ ಮೇಲೆ ಬಂದಿತ್ತು.

"ಕಣ್ಣು ಮುಚ್ಚಿದವಳಿಗೆ ಕನ್ನಡಕ ಯಾಕೆ ಅಂತ ನಾನೇ ತೆಗಿಯೋಕೆ ಹೇಳ್ದೆ," ಎಂದಳು ಕೆಳಗಿನ ಮನೆಯಾಕೆ.

"ಯಾಕೆ ಅಂದ್ರೆ? ಕನ್ನಡಕ ಇಲ್ದಿದ್ರೆ ಅವಳಿಗೆ ಗಂಡನ ಗುರುತೂ ಸಿಗ್ತಿರ್ಲಿಲ್ಲ. ಒಂದ್ಸಲ ತೆಗ್ದು ಒರೆಸ್ತಾ ಕೂತಿದ್ಲು, ಇವನು ಹೋಗಿ ಎದುರು ನಿಂತ. 'ಏನ್ ಬೇಕಿತ್ತು ಸಾರ್, ದೂರದ್ದೋ ಹತ್ರದ್ದೋ?' ಅಂದ್ಲು."

ಯಾರೋ ಕಿಸಕ್ಕನೆ ನಕ್ಕು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು. ಗೋಡೆಗೆ ಒರಗಿ ಕೂತಿದ್ದ ಭಾವನೂ ನಕ್ಕ. ನಕ್ಕ ಬಾಯಿ ಹಾಗೆಯೇ ಸೊಟ್ಟಗಾಗಿ, ಅವನು ಟವೆಲನ್ನು ಮುಖಕ್ಕೆ ಒತ್ತಿಕೊಂಡ. ತಂಗಿ ಕಡ್ಡಿಯನ್ನು ಮತ್ತೆ ಕಿವಿಯ ಹಿಂದಕ್ಕೆ ಸೇರಿಸಿದಳು.

ಹಿಂದಿನ ದಿನ ಮಧ್ಯಾಹ್ನ ಅಂಗಡಿಯಲ್ಲಿ ಒಂದು ಮಗುವಿನ ಕನ್ನಡಕದ ಚೌಕಟ್ಟಿಗೆ ಗಾಜು ಕೂರಿಸುತ್ತಿದ್ದ ಅಕ್ಕ, ಸ್ಕ್ರೂ ಬಿಗಿಮಾಡಿ, ಸ್ಕ್ರೂಡ್ರೈವರನ್ನು ಅದರ ಜಾಗದಲ್ಲೇ ಇಟ್ಟು, ಮೇಜಿಗೆ ತಲೆ ಆನಿಸಿದ್ದಳು. ಸುಸ್ತಾಗಿದೆಯೇನೋ ಎಂದು ಯಜಮಾನರು ಐದು ನಿಮಿಷ ಎಬ್ಬಿಸಲಿಲ್ಲ. ಎಬ್ಬಿಸಿದಾಗ ಅವಳು ಏಳಲಿಲ್ಲ. ಆ ಐದು ನಿಮಿಷವನ್ನು ಅವರು ಬಂದವರೆಲ್ಲರ ಮುಂದೆ ತಪ್ಪೊಪ್ಪಿಕೊಳ್ಳುವಂತೆ ಹೇಳುತ್ತಿದ್ದರು. ಎಂಬತ್ತು ದಾಟಿದ ಮನುಷ್ಯ. ಐವತ್ತೆರಡರವಳು ತನಗಿಂತ ಮುಂಚೆ ಹೋದದ್ದು ಅವರಿಗೆ ಯಾರೋ ಸರದಿ ತಪ್ಪಿಸಿ ನುಗ್ಗಿದ ಹಾಗೆ ಅನಿಸಿತ್ತು.

ಎರಡು ಕೋಣೆಯ ಮನೆ. ಬಂದವರು ಒಳಗೆ ಹಿಡಿಸದೆ ಮೆಟ್ಟಿಲ ಮೇಲೂ ಕೂತಿದ್ದರು. ಅವರಲ್ಲಿ ಮುಕ್ಕಾಲು ಜನರ ಮೂಗಿನ ಮೇಲಿದ್ದದ್ದು ಅಕ್ಕ ಸಾಣೆ ಹಿಡಿದ ಗಾಜೇ. ಅತ್ತವರು ಕನ್ನಡಕ ತೆಗೆದು ಒರೆಸಿಕೊಳ್ಳುವಾಗ ಎಲ್ಲರೂ ಒಂದೇ ರೀತಿ ಒರೆಸುತ್ತಿದ್ದರು, ಒಳಗಿನಿಂದ ಹೊರಗೆ, ಮೆತ್ತಗೆ. ಹಾಗೆ ಒರೆಸದವರನ್ನು ಅಕ್ಕ ಅಂಗಡಿಯಲ್ಲೇ ಗದರಿಸುತ್ತಿದ್ದಳು.

"ಮೂವತ್ತು ವರ್ಷ ಇಸ್ಪೀಟಲ್ಲಿ ನಂಗೆ ಮೋಸ ಮಾಡಿದ್ಲು," ಎಂದ ಭಾವ, ಯಾರೂ ಕೇಳದಿದ್ದರೂ. ಅವನು ಹಾಲಿನ ವ್ಯಾನಿನ ಡ್ರೈವರು, ಮಾತು ಕಡಿಮೆ. "ನಂಗೆ ಗೊತ್ತಿತ್ತು. ನಂಗೆ ಗೊತ್ತು ಅನ್ನೋದು ಅವಳಿಗೂ ಗೊತ್ತಿತ್ತು."

ಅಷ್ಟರಲ್ಲಿ ತಂಗಿಯ ಫೋನು ಬಡಿದುಕೊಂಡಿತು. ಅವಳು ವೈಸ್ ಪ್ರಿನ್ಸಿಪಾಲ್ ಆಗಿದ್ದ ಶಾಲೆಯ ಪ್ರಿನ್ಸಿಪಾಲರು. ತಂಗಿ ಕಿಟಕಿಯ ಹತ್ತಿರ ಹೋಗಿ ಫೋನನ್ನು ಕಿವಿಗಿಟ್ಟುಕೊಂಡಳು.

"ತುಂಬ ಬೇಜಾರಾಯ್ತು ಮೇಡಂ. ದೇವರು ನಿಮಗೆ ಶಕ್ತಿ ಕೊಡ್ಲಿ. ಒಂದು ಸಣ್ಣ ವಿಷಯ. ಹನ್ನೊಂದನೇ ಕ್ಲಾಸಿನ ಪಟ್ಟಿ ಇವತ್ತು ಮೂರು ಗಂಟೆಗೆ ಹಾಕ್ಬೇಕಲ್ಲ. ವೈಸ್ ಪ್ರಿನ್ಸಿಪಾಲ್ ಸೈನ್ ಇಲ್ದೆ ಹಾಕೋಕಾಗಲ್ಲ ನೋಡಿ. ಸೂಪರಿಂಟೆಂಡೆಂಟ್ ಕೈಲಿ ಅಲ್ಲಿಗೇ ಕಳಿಸ್ತೀನಿ. ಎರಡು ನಿಮಿಷದ ಕೆಲಸ."

"ಆಯ್ತು ಸಾರ್," ಎಂದಳು ತಂಗಿ.

ಫೋನು ಇಟ್ಟ ಮೇಲೆ ಆ 'ಆಯ್ತು ಸಾರ್' ಅವಳ ಬಾಯಲ್ಲಿ ಕಹಿಯಾಗಿ ಉಳಿಯಿತು. ಹೆಣ ಮನೆಯಲ್ಲಿದೆ. ಆರು ವರ್ಷದ ಅಭ್ಯಾಸ ಬಲದಿಂದ ನಾಲಿಗೆ ತಾನೇ ಉತ್ತರ ಕೊಟ್ಟಿತ್ತು.

*

ಮೂವತ್ತಾರು ವರ್ಷದ ಹಿಂದೆ, ಅದೇ ಶಾಲೆಯ ಹೆಡ್‌ಮಾಸ್ತರರ ಕೋಣೆಯಲ್ಲಿ, ಅಪ್ಪ ಅಮ್ಮನಿಗೆ ಕೂರಲು ಕುರ್ಚಿ ಇರಲಿಲ್ಲ. ಇದ್ದ ಎರಡು ಕುರ್ಚಿಗಳ ಮೇಲೆ ಕ್ರೀಡಾಕೂಟದ ಕಪ್ಪುಗಳನ್ನು ಜೋಡಿಸಿದ್ದರು. ಅಪ್ಪ ಸೋಪಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವವನು. ಅವನು ನಿಂತಲ್ಲೆಲ್ಲ ಘಮ್ಮೆನ್ನುತ್ತಿತ್ತು. ಹೆಡ್‌ಮಾಸ್ತರರು ಮೂಗು ಅರಳಿಸಿ ಒಮ್ಮೆ ಸುತ್ತ ನೋಡಿ, ಆಮೇಲೆ ಕಾಗದ ತೆಗೆದರು.

"ಪಾಸಾಗಿದ್ದಾಳೆ, ಇಲ್ಲ ಅನ್ನಲ್ಲ. ನೂರಕ್ಕೆ ಐವತ್ತೊಂದು. ನಮ್ಮಲ್ಲಿ ಮುಂದಕ್ಕೆ ಅರವತ್ತಾದ್ರೂ ಇರ್ಬೇಕು."

"ಹೊಸದಾಗಿ ಬರೋರಿಗೆ ಅಲ್ವಾ ಅದು?" ಎಂದಳು ಅಮ್ಮ. "ಇವಳು ಇಲ್ಲಿಯೋಳೇ. ಒಂದನೇ ಕ್ಲಾಸಿಂದ ಇಲ್ಲೇ."

"ಹಳಬರಾದ್ರೂ ಹನ್ನೊಂದನೇ ಕ್ಲಾಸು ಅಂದ್ರೆ ಹೊಸ ಅರ್ಜಿನೇ ಕಣಮ್ಮ. ನಾಳೆ ಹನ್ನೆರಡರಲ್ಲಿ ಇವಳು ಫೇಲಾದ್ರೆ? ಎಂಟು ವರ್ಷದಿಂದ ನೂರಕ್ಕೆ ನೂರು ಫಲಿತಾಂಶ ಕಾಪಾಡ್ಕೊಂಡು ಬಂದಿದ್ದೀವಿ. ಇವಳಿಗೂ ಕಷ್ಟ, ನಮಗೂ ಕಷ್ಟ."

ಅಕ್ಕ ಕೈ ಕಟ್ಟಿಕೊಂಡು, ಕಣ್ಣು ಕಿರಿದು ಮಾಡಿ ಹೆಡ್‌ಮಾಸ್ತರರ ಮುಖವನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಶಾಲೆಯಲ್ಲಿ 'ಪೊಗರು' ಎಂಬ ಹೆಸರಿತ್ತು. ಅದಕ್ಕಾಗಿ ಅವಳನ್ನು ಎಷ್ಟೋ ಸಲ ಕೊನೆಯ ಬೆಂಚಿಗೆ ಅಟ್ಟಿದ್ದರು.

ಹೆಡ್‌ಮಾಸ್ತರರ ಕಣ್ಣು ಬಾಗಿಲಲ್ಲಿ ನಿಂತಿದ್ದ ತಂಗಿಯ ಮೇಲೆ ಬಿತ್ತು. ಅವಳಿಗಾಗ ಹದಿನಾಲ್ಕು. ಅವರ ಮುಖ ಅರಳಿತು. "ಅರೆ, ಇವಳೂ ನಿಮ್ಮ ಮಗಳೇ ಅಲ್ವಾ? ಬಾ ಬಾ. ನೋಡಿ, ಇವಳು ನಮ್ಮ ಶಾಲೆಯ ಮುತ್ತು!"

ಅಮ್ಮನ ಬಾಯಿ ಮೊದಲೇ ಜೋರು. "ಮುತ್ತು ಸಿಕ್ಕಿದ್ರೆ ನಿಮ್ಮ ಶಾಲೇದು, ಕಲ್ಲು ಸಿಕ್ಕಿದ್ರೆ ನಮ್ಮನೇದಾ?" ಎಂದಳು. "ಹತ್ತು ವರ್ಷ ನಿಮ್ಮ ಕೈಗೇ ಕೊಟ್ಟಿದ್ವಿ. ಕಲ್ತಿಲ್ಲ ಅಂದ್ರೆ ನೀವೇ ಕಲಿಸ್ಲಿಲ್ಲ. ಕಲಿಸ್ದೇ ಇದ್ದೋರು ಒಳಗೆ ಕೂತ್ಕೊಂಡು, ಕಲೀದೇ ಇದ್ದೋಳ್ನ ಆಚೆ ಹಾಕೋದು ಯಾವ ಊರ ನ್ಯಾಯ?"

"ಹೀಗೆಲ್ಲ ಮಾತಾಡಿದ್ರೆ ಚಿಕ್ಕವಳಿಗೂ ತೊಂದರೆ," ಎಂದರು ಹೆಡ್‌ಮಾಸ್ತರರು, ಬಹಳ ಮೃದುವಾಗಿ.

ಅಮ್ಮನ ಬಾಯಿ ಅಲ್ಲಿಗೆ ಮುಚ್ಚಿತು. ಅದನ್ನು ಮುಚ್ಚಿಸಿದ್ದು ತಾನು ಎಂಬುದು ತಂಗಿಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಬೇರೆ ನಾಲ್ಕು ಶಾಲೆಗೆ ಹೋದರು. ಎಲ್ಲ ಕಡೆಯೂ ವರ್ಗಾವಣೆ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಅವರ ಶಾಲೆಯವರೇ ಇಟ್ಕೊಳ್ಳದ ಹುಡುಗೀನ ನಾವ್ಯಾಕೆ ಸೇರಿಸ್ಕೊಳ್ಳೋಣ?" ಮನೆಗೆ ಬಂದು ಅಪ್ಪ ಗುಡುಗಿದ: "ಚಿಕ್ಕವಳನ್ನೂ ಬಿಡಿಸ್ತೀನಿ. ಆ ಗೇಟು ತುಳಿಯೋದು ಬೇಡ."

"ಅವಳೇನು ಮಾಡಿದ್ಲು?" ಎಂದಳು ಅಕ್ಕ. "ಅವಳು ಓದ್ಲಿ ಬಿಡಿ."

ಮುಂದಿನ ವಾರ ಅಕ್ಕ ಕನ್ನಡಕದಂಗಡಿಗೆ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಅಂಗಡಿ ಇದ್ದದ್ದು ಶಾಲೆಯ ದಾರಿಯಲ್ಲೇ. ಪ್ರತಿ ಬೆಳಿಗ್ಗೆ ತಂಗಿಯನ್ನು ಗೇಟಿನವರೆಗೂ ಬಿಟ್ಟು, ಬ್ಯಾಗಿನ ಪಟ್ಟಿ ಸರಿಮಾಡಿ, ಹಿಂದೆ ತಿರುಗಿ ಬರುತ್ತಿದ್ದಳು. ನಾಲ್ಕು ವರ್ಷ. ಗೇಟಿನ ಒಳಕ್ಕೆ ಒಂದು ದಿನವೂ ಕಾಲಿಡಲಿಲ್ಲ.

*

"ಮೊದಲನೇ ದಿನ," ಎಂದು ಯಜಮಾನರು ಬಂದವರಿಗೆ ಹೇಳುತ್ತಿದ್ದರು, "ಗುಡಿಸ್ತಾ ಗುಡಿಸ್ತಾ ಗೋಡೆ ಮೇಲಿನ ಅಕ್ಷರದ ಹಾಳೆ ಹತ್ರ ಬಂದ್ಲು. ಸುಮ್ನೆ ತಮಾಷೆಗೆ, ಇಲ್ಲಿಂದ ಓದು ಅಂದೆ. ಮೇಲಿನ ಒಂದೇ ಒಂದು ದೊಡ್ಡ ಅಕ್ಷರ ಓದಿದ್ಲು. ಅದರ ಕೆಳಗೆ? ಏನೋ ಇರುವೆ ಸಾಲಿದ್ದ ಹಾಗಿದೆ ಸಾರ್ ಅಂದ್ಲು! ಶಾಲೇಲಿ ಬೋರ್ಡು ಹೇಗಮ್ಮ ಓದ್ತಿದ್ದೆ ಅಂದೆ. 'ಓದ್ತಿರ್ಲಿಲ್ಲ. ಪಕ್ಕದೋಳ ನೋಟ್ಸು ನೋಡಿ ಬರ್ಕೊತಿದ್ದೆ. ಎಲ್ಲಾರ್ಗೂ ಹೀಗೇ ಕಾಣ್ಸುತ್ತೆ ಅಂದ್ಕೊಂಡಿದ್ದೆ' ಅಂದ್ಲು."

ಅವರು ಎರಡೂ ಕೈಯ ಬೆರಳುಗಳನ್ನು ಬಿಡಿಸಿ ತೋರಿಸಿದರು.

"ಹತ್ತು ವರ್ಷ ಕಣ್ರೀ. ಹತ್ತು ವರ್ಷ, ದಿನಕ್ಕೆ ಆರು ಜನ ಮೇಷ್ಟ್ರು. ಒಬ್ಬರಿಗೂ ತಿಳೀಲಿಲ್ಲ. ಕಣ್ಣು ಕಿರಿದು ಮಾಡಿದ್ರೆ ಪೊಗರು, ಕೊನೇ ಬೆಂಚಿಗೆ ಹೋಗು! ಕಸ ಗುಡ್ಸೋಕೆ ಬಂದ ಅರ್ಧ ಗಂಟೇಲಿ ನಂಗೆ ತಿಳೀತು. ಅವತ್ತೇ ಕನ್ನಡಕ ಮಾಡಿಕೊಟ್ಟೆ. ಹಾಕ್ಕೊಂಡು ಬೀದಿ ತುದೀವರೆಗೂ ಹೋಗಿ, ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದ್ಕೊಂಡು ಬಂದು, ಸ್ಟೂಲ್ ಮೇಲೆ ಕೂತು ಅತ್ತಳು. ಖುಷಿಗೆ ಅಂತ ನಾನು ತಿಳ್ಕೊಂಡೆ. ಸಿಟ್ಟಿಗೆ ಅಂತ ಆಮೇಲೆ ತಿಳೀತು."

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಶಾಲೆಯ ಸೂಪರಿಂಟೆಂಡೆಂಟ್ ಬಂದ. ಕೈಯಲ್ಲೊಂದು ಹೂವಿನ ಹಾರ, ಕಂಕುಳಲ್ಲೊಂದು ಪ್ಲಾಸ್ಟಿಕ್ ಫೈಲು. ಹಾರವನ್ನು ಅಕ್ಕನ ಕಾಲಬಳಿ ಇಟ್ಟು, ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತು ನಿಂತ. ಆಮೇಲೆ ತಂಗಿಯ ಹತ್ತಿರ ಬಂದು, ಅಕ್ಕಪಕ್ಕದವರಿಗೆ ಕೇಳದ ಹಾಗೆ, "ಮೇಡಂ, ಮೂರು ಪ್ರತಿ. ಕೊನೇ ಪುಟದಲ್ಲಿ ಮಾತ್ರ. ಸ್ಟಾಂಪ್ ಪ್ಯಾಡೂ ತಂದಿದ್ದೀನಿ," ಎಂದ.

ಮೆಟ್ಟಿಲ ಹತ್ತಿರ ಕೂತಿದ್ದ ಒಬ್ಬ ಮನುಷ್ಯ ಎದ್ದು ನಿಂತ. ಸೊಂಟದಲ್ಲಿ ಬೀಗದಕೈಗಳ ದೊಡ್ಡ ಗೊಂಚಲು. ಸಂತೆಬೀದಿಯಲ್ಲಿ ಬೀಗ ರಿಪೇರಿ ಮಾಡುವವನು. ಅವನ ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಮಗಳು. ಅವನು ಸೂಪರಿಂಟೆಂಡೆಂಟನನ್ನು ನೋಡಿ, ಫೈಲು ನೋಡಿ, ತಂಗಿಯನ್ನು ನೋಡಿದ.

"ನೀವು..." ಎಂದ. "ಮೇಡಂ, ನೀವು ಇಲ್ಲಿ?"

"ನನ್ನ ಅಕ್ಕ," ಎಂದಳು ತಂಗಿ.

ಬೀಗದವನು ಅಕ್ಕನ ಮುಖವನ್ನೂ ಇವಳ ಮುಖವನ್ನೂ ತಾಳೆ ನೋಡಿದ. ಅವನ ಕೈ ತಾನಾಗಿ ಸೊಂಟದ ಗೊಂಚಲನ್ನು ಸದ್ದಾಗದಂತೆ ಹಿಡಿದುಕೊಂಡಿತು.

"ಸ್ವಂತ ಅಕ್ಕನಾ? ಹಾಗಾದ್ರೆ ಆ ಕಾಗದ..." ಅವನು ಒಂದು ಹೆಜ್ಜೆ ಮುಂದೆ ಬಂದ. ಮಾತು ಒಮ್ಮೆಲೇ ಹೊರಟಿತು. "ಪಾಸಾದ ಮಕ್ಕಳನ್ನ ಆಚೆ ಹಾಕ್ಬಾರ್ದು ಅನ್ನೋ ಆ ಸರ್ಕಾರಿ ಸುತ್ತೋಲೆ ನಂಗೆ ಕೊಟ್ಟಿದ್ದೇ ಈಯಮ್ಮ. ಮಗಳಿಗೆ ನಿಮ್ಮ ಶಾಲೇಲಿ ಮುಂದಕ್ಕೆ ಸೀಟಿಲ್ಲ ಅಂದ್ರು ಅಂತ ಅಂಗಡೀಲಿ ಹೇಳ್ಕೊಂಡು ಅತ್ತಿದ್ದೆ. 'ಅಳ್ತಾ ಹೋಗ್ಬೇಡಿ, ಇದನ್ನ ತಗೊಂಡು ಹೋಗಿ, ಟೇಬಲ್ ಮೇಲೆ ಇಟ್ಟು ಓದಿ ಅನ್ನಿ' ಅಂದ್ರು. ನಿಮ್ಮ ಟೇಬಲ್ ಮೇಲೇ ಇಟ್ಟಿದ್ದೆ ಮೇಡಂ. ನೀವು ಓದ್ಲೂ ಇಲ್ಲ. ಇದು ನಮ್ಮ ಶಾಲೆಗೆ ಅನ್ವಯಿಸಲ್ಲ ಅಂದ್ರಿ."

"ಅಪ್ಪಾ, ಸುಮ್ನಿರು," ಎಂದಳು ಮಗಳು.

"ಸುಮ್ನೇ ಇದ್ದೆನಲ್ಲ ಐದು ವರ್ಷ! ಇವಳು ಈಗ ನನ್ ಜೊತೆ ಬೀಗ ರಿಪೇರಿ ಮಾಡ್ತಾಳೆ ಮೇಡಂ. ನನಗಿಂತ ಚೆನ್ನಾಗೇ ಮಾಡ್ತಾಳೆ. ಕೆಲಸಕ್ಕೆ ಮರ್ಯಾದೆ ಇಲ್ಲ ಅಂತಲ್ಲ. ಇವಳು ಆಸೆಪಟ್ಟಿದ್ದು ಬೀಗ ಅಲ್ಲ, ಅಷ್ಟೇ. ಆಯಮ್ಮ ಒಂದು ಸಲನಾದ್ರೂ 'ಅಲ್ಲಿ ಕೂತಿರೋಳು ನನ್ ತಂಗಿ' ಅಂತ ಹೇಳ್ಬಾರ್ದಿತ್ತಾ?"

ಯಾರೂ ತಂಗಿಯ ಕಡೆ ನೋಡಲಿಲ್ಲ. ನೋಡದೇ ಇರಲು ಎಲ್ಲರೂ ಪಡುತ್ತಿದ್ದ ಕಷ್ಟ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು.

*

ಆ ಕಾಗದ ಮೊದಲ ಸಲ ಅವಳ ಮೇಜಿಗೆ ಬಂದದ್ದು ಅವಳು ವೈಸ್ ಪ್ರಿನ್ಸಿಪಾಲ್ ಆದ ವರ್ಷವೇ. ಮಾಸಿದ ಜೆರಾಕ್ಸು. ಯಾವ ಶಾಲೆಯೂ ತನ್ನಲ್ಲಿಯೇ ಓದಿ ತೇರ್ಗಡೆಯಾದ ವಿದ್ಯಾರ್ಥಿಗೆ ಮುಂದಿನ ತರಗತಿಯ ಪ್ರವೇಶವನ್ನು ನಿರಾಕರಿಸತಕ್ಕದ್ದಲ್ಲ ಎಂಬ ಸಾಲಿನ ಕೆಳಗೆ ಗೆರೆ. ಅಂಚಿನಲ್ಲಿ ಇಲಾಖೆಯ ಕಡತದ ಸಂಖ್ಯೆ, ದೂರು ಕೊಡಬೇಕಾದ ಅಧಿಕಾರಿಯ ಕೋಣೆಯ ಸಂಖ್ಯೆ. ಸಂಖ್ಯೆಯೊಳಗಿನ ಏಳಕ್ಕೆ ನಡುವೆ ಒಂದು ಅಡ್ಡಗೆರೆ.

ಅಂಥ ಏಳನ್ನು ಬರೆಯುವವರು ಆ ಊರಿನಲ್ಲಿ ಒಬ್ಬರೇ ಇದ್ದರು. ಕಣ್ಣಿನ ಚೀಟಿಯಲ್ಲಿ ಒಂದನ್ನು ಏಳೆಂದು ತಪ್ಪಾಗಿ ಓದಿ ಒಬ್ಬ ಗಿರಾಕಿಗೆ ಎರಡು ದಿನ ತಲೆ ತಿರುಗಿದ ಮೇಲೆ ಅಕ್ಕ ಆ ಗೆರೆಯನ್ನು ರೂಢಿಸಿಕೊಂಡಿದ್ದಳು. ತಂಗಿಯ ಸ್ವಂತ ಕನ್ನಡಕದ ಚೀಟಿಯ ಮೇಲೂ ಅದೇ ಏಳು. ಹಾಗಿದ್ದೂ ಅವಳು ಆ ಅಕ್ಷರವನ್ನು ಗುರುತಿಸಲಿಲ್ಲ. ಗುರುತಿಸಬಾರದೆಂದೇ ಗುರುತಿಸಲಿಲ್ಲ. ಕಾಗದವನ್ನು ಮಡಿಸಿ ಎದುರಿಗೆ ಕೂತವರಿಗೆ ವಾಪಸು ಕೊಟ್ಟು, ಹೆಡ್‌ಮಾಸ್ತರರದೇ ಮಾತನ್ನು ಆಡಿದಳು: "ಹಳಬರಾದ್ರೂ ಹನ್ನೊಂದನೇ ಕ್ಲಾಸು ಅಂದ್ರೆ ಹೊಸ ಅರ್ಜಿ." ಅವರಷ್ಟೇ ಮೃದುವಾಗಿ.

ಆರು ವರ್ಷ, ಪ್ರತಿ ವರ್ಷ ಇಬ್ಬರೋ ಮೂವರೋ ಆ ಕಾಗದ ಹಿಡಿದು ಬಂದರು. ಒಬ್ಬ ತಾಯಿ ಅದನ್ನು ಅಧಿಕಾರಿಯ ತನಕ ಒಯ್ದಳು. ಆದೇಶ ಬರುವಷ್ಟರಲ್ಲಿ ಅರ್ಧ ವರ್ಷ ಕಳೆದು, ಹುಡುಗ ಗ್ಯಾರೇಜಿಗೆ ಸೇರಿಯಾಗಿತ್ತು. ಶಾಲೆಯ ಗೋಡೆಯ ಮೇಲೆ ನೂರಕ್ಕೆ ನೂರು ಎಂಬ ಫಲಕಕ್ಕೆ ಪ್ರತಿ ವರ್ಷ ಹೊಸ ಬಣ್ಣ ಬಂತು.

ಅಕ್ಕ ಒಂದೇ ಸಲ ಆ ವಿಷಯ ಎತ್ತಿದ್ದಳು. ಕಳೆದ ವರ್ಷ, ಒಂದು ರಜೆಯ ಮಧ್ಯಾಹ್ನ, ಇದೇ ಕೋಣೆಯಲ್ಲಿ ಇಸ್ಪೀಟಾಡುತ್ತಿದ್ದಾಗ.

"ಏನೇ ಮೇಷ್ಟ್ರಮ್ಮ," ಎಂದಳು, ಎಲೆ ಜೋಡಿಸುತ್ತ. "ಈ ವರ್ಷ ಎಷ್ಟು ಜನನ್ನ ಆಚೆ ಹಾಕಿದ್ರಿ?"

"ಹದಿನಾಲ್ಕು," ಎಂದಳು ತಂಗಿ. "ನಾನೊಬ್ಬಳೇ ತೀರ್ಮಾನ ಮಾಡೋದಲ್ಲ ಅಕ್ಕ. ಮೇಲಿನೋರು ಇದ್ದಾರೆ. ನಾನು ಸೈನ್ ಹಾಕ್ದಿದ್ರೆ ಬೇರೆ ಯಾರೋ ಹಾಕ್ತಾರೆ."

"ಹಾಕ್ಲಿ ಬಿಡು. ಆಗ ಅವರು ಹಾಕಿದ ಹಾಗಾಗುತ್ತೆ."

"ನಿಂಗೆ ಅರ್ಥ ಆಗಲ್ಲ."

ಅಕ್ಕ ಕನ್ನಡಕ ತೆಗೆದು ಒರೆಸಿದಳು, ಒಳಗಿನಿಂದ ಹೊರಗೆ. "ಹೌದು ಬಿಡು," ಎಂದಳು. "ಹತ್ತಕ್ಕೇ ನಿಂತೋಳಿಗೆ ಹೇಗೆ ಅರ್ಥ ಆಗುತ್ತೆ." ಎಲೆ ಹಂಚಿದಳು. ಆವತ್ತು ಅವಳು ಮೋಸ ಮಾಡಲಿಲ್ಲ. ಸೋತಳು.

*

ತಂಗಿ ಅಡುಗೆಮನೆಗೆ ಹೋದಳು. ಭಾವ ನಲ್ಲಿಯ ಕೆಳಗೆ ಮುಖ ತೊಳೆಯುತ್ತಿದ್ದ.

"ನಿಮಗೆ ಗೊತ್ತಿತ್ತಾ ಭಾವ?"

"ಜೆರಾಕ್ಸ್ ಮಾಡಿಸ್ಕೊಂಡು ಬರ್ತಿದ್ದೋನೇ ನಾನು. ಇಲಾಖೆಯೋರು ಯಾರೋ ಓದೋ ಕನ್ನಡಕಕ್ಕೆ ಬಂದಿದ್ರಂತೆ. 'ಇದೆಯಲ್ಲಮ್ಮ ಸುತ್ತೋಲೆ, ಯಾರೂ ಕೇಳಲ್ಲ' ಅಂದ್ರಂತೆ. ಅವತ್ತಿಂದ ಶುರು."

"ನಂಗ್ಯಾಕೆ ಹೇಳ್ಲಿಲ್ಲ?"

ಭಾವ ನಲ್ಲಿ ನಿಲ್ಲಿಸಿದ. "ಅವಳೂ ಅದನ್ನೇ ಕೇಳೋಳು. 'ಅವಳು ನಂಗ್ಯಾಕೆ ಹೇಳಲ್ಲ?' ಅಂತ. ನಿನ್ನ ಯಾರೇ ಬೈದ್ರೂ ಎದ್ದು ಒಳಗೆ ಹೋಗೋಳು. ನಿನ್ನ ಹೆಸರು ಬಿಟ್ಟುಕೊಡ್ಲಿಲ್ಲ. ಕಾಗದ ಕೊಡೋದೂ ಬಿಡ್ಲಿಲ್ಲ." ಅವನು ಮುಖ ಒರೆಸಿಕೊಂಡ. ಆಮೇಲೆ ಬೆಳಿಗ್ಗೆಯಿಂದ ಒತ್ತಿಟ್ಟಿದ್ದ ದನಿಯಲ್ಲಿ, "ಹೆಣ ಎತ್ತೋಕೆ ಮುಂಚೆ ಆ ಫೈಲು ನನ್ ಮನೆಯಿಂದ ಆಚೆ ಹೋಗ್ಲಿ," ಎಂದ.

ಸೂಪರಿಂಟೆಂಡೆಂಟ್ ಬಾಗಿಲಲ್ಲೇ ಕಾಯುತ್ತಿದ್ದ. ತಂಗಿ ಫೈಲು ತೆಗೆದುಕೊಂಡು ಬಿಚ್ಚಿದಳು. 'ಮುಂದಿನ ತರಗತಿಗೆ ಶಿಫಾರಸು ಇಲ್ಲ' ಎಂಬ ತಲೆಬರಹ. ಕೆಳಗೆ ಹನ್ನೊಂದು ಹೆಸರು. ಇಷ್ಟು ವರ್ಷ ಅವಳು ಈ ಪಟ್ಟಿಯನ್ನು ಕೆಳಗಿನಿಂದ, ಸಹಿಯ ಜಾಗದಿಂದ ನೋಡುತ್ತಿದ್ದಳು. ಈ ಸಲ ಮೇಲಿನಿಂದ ಓದಿದಳು.

"ಇವರೆಲ್ಲ ಎಷ್ಟು ವರ್ಷದಿಂದ ನಮ್ಮಲ್ಲಿದ್ದಾರೆ?"

"ಎಲ್ಲರೂ ಒಂದನೇ ಕ್ಲಾಸಿಂದ ಮೇಡಂ. ಎಲ್ಲರೂ ನಮ್ಮೋರೇ."

"ನಮ್ಮೋರೇ," ಎಂದಳು ತಂಗಿ. "ಈ ಐದನೆಯವನು ಮಾತಾಡೋವಾಗ ತೊದಲ್ತಾನೆ. ಅವನ ಕೆಳಗಿನವಳ ತಾಯಿ ತೀರಿಹೋಗಿದ್ದು ಪರೀಕ್ಷೆಗೆ ಮುಂಚಿನ ತಿಂಗಳು. ಎಲ್ಲ ಗೊತ್ತು ನಂಗೆ. ನಿಮಗೂ ಗೊತ್ತು."

"ಮೇಡಂ, ನಾನು ಆಫೀಸಿನೋನು..."

"ಇವರಲ್ಲಿ ಎಷ್ಟು ಜನರ ಕಣ್ಣು ಪರೀಕ್ಷೆ ಮಾಡ್ಸಿದ್ದೀವಿ?"

ಸೂಪರಿಂಟೆಂಡೆಂಟ್ ತನ್ನ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡ. ಅದೂ ಅಕ್ಕನ ಕೈಯದೇ. ತಂಗಿ ಫೈಲು ಮುಚ್ಚಿ ಅವನ ಕೈಯಲ್ಲಿಟ್ಟಳು.

"ನಾನು ಸೈನ್ ಹಾಕಲ್ಲ ಅಂತ ಹೇಳಿ."

"ಸಾರ್ ಕೇಳಿದ್ರೆ ಏನಂತ ಹೇಳ್ಲಿ? ಇವತ್ತು ಮನಸ್ಸು ಸರಿ ಇಲ್ಲ ಅಂತ..."

"ಮನಸ್ಸು ಇವತ್ತೇ ಸರಿ ಇರೋದು. ಹಾಕಲ್ಲ ಅಂತ ಹೇಳಿ ಸಾಕು."

ಅವನು ಕೆಳಗಿಳಿದು ಹೋದ. ಸ್ವಲ್ಪ ಹೊತ್ತಿನಲ್ಲೇ ಶವವಾಹನ ಬಂತು. ಮೆಟ್ಟಿಲು ಇಕ್ಕಟ್ಟು, ತಿರುವಿನಲ್ಲಿ ಹೊತ್ತವರು ಸಿಕ್ಕಿಕೊಂಡರು. "ಎಡಗಡೆ ಸ್ವಲ್ಪ ಎತ್ತಿ, ಹುಷಾರು," ಎಂದು ಬೀಗದವನ ಮಗಳು ಮುಂದೆ ಬಂದು, ಗಂಡಸರ ನಡುವೆ ಹೆಗಲು ಕೊಟ್ಟು, ಕೋನ ತಿರುಗಿಸಿ ದಾಟಿಸಿದಳು.

*

ಸುಡುಗಾಡಿನ ಆಫೀಸು ಒಂದು ಕಿಟಕಿಯಷ್ಟೇ. ಒಳಗಿದ್ದ ಗುಮಾಸ್ತ ನಮೂನೆ ತುಂಬಿಸುತ್ತಿದ್ದ. ಹೆಸರು, ವಯಸ್ಸು, ಗಂಡನ ಹೆಸರು, ಸಾವಿನ ಕಾರಣ ಎಲ್ಲವನ್ನೂ ಭಾವ ಹೇಳಿದ.

"ಕನ್ನಡಕ ತೆಗೀಬೇಕಾಗುತ್ತೆ. ಗಾಜು ಒಲೆಗೆ ಹಾಕೋ ಹಾಗಿಲ್ಲ," ಎಂದ ಗುಮಾಸ್ತ. ಯಜಮಾನರು ತಾವೇ ಹೋಗಿ, ಎರಡೂ ಕೈಯಿಂದ, ಕಿವಿಗೆ ತಗಲದ ಹಾಗೆ ತೆಗೆದು ಜೇಬಿಗೆ ಹಾಕಿಕೊಂಡರು. ಅಕ್ಕನ ಮೂಗಿನ ಎರಡೂ ಬದಿ ಮೂವತ್ತಾರು ವರ್ಷದ ಎರಡು ಗುಳಿ ಉಳಿದವು.

"ವಿದ್ಯಾಭ್ಯಾಸ?"

ಭಾವ ತಂಗಿಯ ಮುಖ ನೋಡಿದ.

"ಹತ್ತನೇ ತರಗತಿ. ಪಾಸು," ಎಂದಳು ತಂಗಿ.

"ಮುಂದೆ ಓದ್ಲಿಲ್ವಾ?" ಗುಮಾಸ್ತ ಕೇಳಿದ್ದು ಸುಮ್ಮನೆ, ಪೆನ್ನು ಆಡಿಸುತ್ತ.

"ಓದಿಸ್ಲಿಲ್ಲ."

"ಮನೇಲಿ ಕಷ್ಟ ಇತ್ತೇನೋ."

"ಮನೇಲಲ್ಲ," ಎಂದಳು ತಂಗಿ. ದನಿ ಜೋರಾಯಿತು. ಹಿಂದೆ ನಿಂತಿದ್ದವರು ತಲೆ ಎತ್ತಿದರು. "ಮನೇಲಿ ಎಲ್ಲಾರಿಗೂ ಓದಿಸ್ಬೇಕು ಅಂತಿತ್ತು. ಶಾಲೆ ಓದಿಸ್ಲಿಲ್ಲ. ಪಾಸಾದೋಳನ್ನ ಆಚೆ ಹಾಕಿದ್ರು. ಅವಳಿಗೆ ಬೋರ್ಡು ಕಾಣ್ಸಲ್ಲ ಅಂತ ಒಬ್ಬರಿಗೂ ಗೊತ್ತಾಗ್ಲಿಲ್ಲ. ಅದನ್ನ ಬರೀರಿ."

"ಅಷ್ಟೆಲ್ಲ ಬರೆಯೋಕೆ ಜಾಗ ಇಲ್ಲಮ್ಮ," ಎಂದ ಗುಮಾಸ್ತ, ನಮೂನೆಯನ್ನು ಅವಳ ಕಡೆ ತಿರುಗಿಸಿ. ಸುಳ್ಳು ಹೇಳುತ್ತಿರಲಿಲ್ಲ. ಎರಡು ಬೆರಳು ಅಗಲದ ಚೌಕ. ಅದರಲ್ಲಿ ಅವನು 'ಹತ್ತು' ಎಂದು ಬರೆದ.

ಕರೆಂಟಿನ ಒಲೆಯ ಬಾಗಿಲು ಮುಚ್ಚಿತು. ಒಳಗೆ ಒಲೆ ಗುಂಯ್ ಎಂದು ಹತ್ತಿಕೊಂಡ ಸದ್ದು ಕೇಳಿತು. ಭಾವ ಬೀಗದವನ ಭುಜಕ್ಕೆ ಒರಗಿ ನಿಂತಿದ್ದ. ತಂಗಿ ಅವನ ಹತ್ತಿರ ಹೋಗಿ, "ನಾನು ಶಾಲೆಗೆ ಹೋಗಿ ಬರ್ತೀನಿ ಭಾವ," ಎಂದಳು.

*

ಅವಳು ಗೇಟು ದಾಟಿದಾಗ ಮೂರೂವರೆ. ಪಟ್ಟಿ ಆಗಲೇ ನೋಟಿಸ್ ಬೋರ್ಡಿನ ಗಾಜಿನ ಪೆಟ್ಟಿಗೆಯೊಳಗೆ ಕೂತಿತ್ತು. ಹನ್ನೊಂದು ಹೆಸರು. ಕೆಳಗೆ 'ಉಪ ಪ್ರಾಂಶುಪಾಲರ ಪರವಾಗಿ' ಎಂದು ಪ್ರಿನ್ಸಿಪಾಲರ ದಪ್ಪ ಸಹಿ. ಅವಳ ಅಕ್ಕನ ಒಲೆ ಆರುವಷ್ಟು ಹೊತ್ತೂ ಅವರು ಕಾದಿರಲಿಲ್ಲ.

ಪ್ರಿನ್ಸಿಪಾಲರ ಕೋಣೆಯ ಎದುರಿನ ವರಾಂಡದಲ್ಲಿ ಪಟ್ಟಿಯಲ್ಲಿದ್ದ ಮಕ್ಕಳ ತಂದೆತಾಯಿಯರು ಕಾಯುತ್ತಿದ್ದರು. ಅವರಿಗಾಗಿ ಒಂದನೇ ತರಗತಿಯ ಬೆಂಚುಗಳನ್ನು ತಂದು ಹಾಕಿದ್ದರು. ಮೊಣಕಾಲು ಎದೆಗೆ ತಾಗುವಷ್ಟು ಗಿಡ್ಡ ಬೆಂಚು. ದೊಡ್ಡವರೆಲ್ಲ ಮುದುಡಿಕೊಂಡು ಕೂತಿದ್ದರು. ಅವಳನ್ನು ಗುರುತಿಸಿದವರು ಮಾತು ನಿಲ್ಲಿಸಿದರು. ಒಬ್ಬಾಕೆ ಮುಖ ತಿರುಗಿಸಿದಳು.

ಜವಾನ ಓಡಿಬಂದ. "ಅಯ್ಯೋ ಮೇಡಂ, ಇವತ್ತೂ ಬಂದ್ರಾ? ಆ ಕಡೆ ಬಾಗಿಲಿಂದ ಒಳಗೆ ಹೋಗಿ. ಸಾರ್ ಇದ್ದಾರೆ."

"ಇವರೆಲ್ಲ ಯಾವಾಗಿಂದ ಕಾಯ್ತಿದ್ದಾರೆ?"

"ಪಟ್ಟಿ ಹಾಕಿದಾಗಿಂದ."

"ಹಾಗಾದ್ರೆ ಇವರ ಹಿಂದೆ ನಾನು," ಎಂದು ಅವಳು ಕೊನೆಯ ಬೆಂಚಿನ ತುದಿಗೆ ಹೋದಳು. ಅಲ್ಲಿ ಬಣ್ಣ ಬಳಿಯುವವನೊಬ್ಬ ಕೂತಿದ್ದ. ಕೂದಲಲ್ಲೆಲ್ಲ ಸುಣ್ಣದ ಹನಿ, ಕೆಲಸದ ಮಧ್ಯದಿಂದ ಎದ್ದು ಬಂದ ಬಟ್ಟೆ. ಶಾಲೆಗೆ ಬರುವುದೇ ಅಪರೂಪವಿರಬೇಕು. ಅವನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಅವನು ಒತ್ತರಿಸಿ ಜಾಗ ಮಾಡಿದ.

"ನಿಮ್ಮದು ಯಾರಮ್ಮ?" ಎಂದ. "ಮಗನೋ, ಮಗಳೋ?"

ತಂಗಿ ಕೂತಳು. ಅವಳ ಮೊಣಕಾಲುಗಳೂ ಎಲ್ಲರಂತೆ ಎದೆಯವರೆಗೆ ಬಂದವು.

"ಅಕ್ಕ," ಎಂದಳು.

ಅವನು ಅರ್ಥವಾಗದೆ ಅವಳನ್ನು ನೋಡಿದ. ಅವಳ ಸೆರಗಿಗೆ ಅಂಟಿದ್ದ ಸುಡುಗಾಡಿನ ಬೂದಿಯನ್ನೂ ಹೂವಿನ ಎಸಳನ್ನೂ ನೋಡಿ ಇನ್ನಷ್ಟು ಒತ್ತರಿಸಿ ಕೂತ.

ಪ್ರಿನ್ಸಿಪಾಲರ ಬಾಗಿಲು ತೆರೆಯಿತು. ಅವರು ಹೊಸ್ತಿಲಲ್ಲಿ ನಿಂತದ್ದೇ ತಡ, ವರಾಂಡದಲ್ಲಿದ್ದವರೆಲ್ಲ ಅಭ್ಯಾಸದಂತೆ ಅರ್ಧ ಮೇಲೆದ್ದರು. ಪ್ರಿನ್ಸಿಪಾಲರ ಕಣ್ಣು ಸಾಲಿನ ಕೊನೆಗೆ ಹೋಗಿ ನಿಂತಿತು. "ಮೇಡಂ," ಎಂದರು. "ನೀವು ಅಲ್ಲಿ ಏನು ಮಾಡ್ತಿದ್ದೀರಿ? ಏಳಿ."

ತಂಗಿ ಏಳಲಿಲ್ಲ. ಅರ್ಧ ಎದ್ದಿದ್ದ ಬಣ್ಣದವನು ಅವಳನ್ನು ನೋಡಿ ಮತ್ತೆ ಕೂತ. ಅವನ ಪಕ್ಕದವಳು ಕೂತಳು. ಆಮೇಲೆ ಒಬ್ಬೊಬ್ಬರಾಗಿ, ಸಾಲಿನ ಆ ತುದಿಯವರೆಗೂ, ಎಲ್ಲರೂ ಆ ಪುಟ್ಟ ಬೆಂಚುಗಳ ಮೇಲೆ ಮತ್ತೆ ಕೂತರು.